ಕಾಯಕ ಬಿಡದೆ ಮನೆ ಬಿಡುವುದು

ಮಡಿವಾಳ ಮಾಚಿದೇವರ ಹೆಸರು ಕೇಳಿದೊಡನೆ ಭಕ್ತರ ಕಣ್ಣ ಮುಂದೆ ನಿಲ್ಲುವುದು ವೀರಗಣಾಚಾರಿಯ ಚಿತ್ರ. ಇಂದಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದು, ಶರಣರ ಬಟ್ಟೆಗಳನ್ನು ಮಡಿ ಮಾಡುವುದನ್ನೇ ಕಾಯಕವಾಗಿಸಿಕೊಂಡ ಈ ಮಹಾಶರಣರು ಬಿಜ್ಜಳನ ಬಲಕ್ಕೆ ಅಂಜದೆ ಎದುರು ನಿಂತ ಪ್ರಸಂಗವನ್ನು ಪುರಾಣಗಳು ವಿಸ್ತಾರವಾಗಿ ವರ್ಣಿಸಿವೆ. ಪ್ರವಚನಗಳಲ್ಲಿಯೂ ಅದೇ ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ಆ ಅಬ್ಬರದಲ್ಲಿ ಒಂದು ಸಣ್ಣ ಸಂಗತಿ ಮರೆಯಾಗುವುದುಂಟು. ಮಾಚಿದೇವರು ಯಾರ ಕೈಕೆಳಗಿನ ಸೇವಕರೂ ಅಲ್ಲ, ಸ್ವಂತ ದುಡಿಮೆಯವರು. ಆದರೂ ಬಂದ ಬಟ್ಟೆಯನ್ನೆಲ್ಲ ಅವರು ಒಗೆಯಲಿಲ್ಲ. ಶರಣರದಲ್ಲದ ಬಟ್ಟೆಯ ಗಂಟನ್ನು ಅವರು ಮುಟ್ಟಲಿಲ್ಲವೆಂದು ಪರಂಪರೆ ಹೇಳುತ್ತದೆ. ಇಂದಿನ ವ್ಯವಹಾರದ ಮಾತಿನಲ್ಲಿ ಹೇಳುವುದಾದರೆ, ತಮ್ಮ ಗಿರಾಕಿಗಳನ್ನು ತಾವೇ ಆಯ್ದುಕೊಂಡವರು ಅವರು.

ಈ ಸಂಗತಿಯು ಬೆಂಗಳೂರಿನ ಒಬ್ಬ ಕಾಯಕಜೀವಿಯನ್ನು ಎರಡು ವರ್ಷಗಳ ಕಾಲ ಕಾಡಿತು. ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ಇವರು ಮೊದಲು ಗುತ್ತಿಗೆದಾರರೊಬ್ಬರ ಕೈಕೆಳಗೆ, ಗಾಜಿನ ಎತ್ತರದ ಕಟ್ಟಡಗಳಿಗೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ಮಗಳು ಶಾಲೆಗೆ ಸೇರಿದ ವರ್ಷ ಆ ಕೆಲಸ ಬಿಟ್ಟು ಸ್ವತಂತ್ರರಾದರು. ಒಂದು ಸ್ಕೂಟರ್, ಎರಡು ಬಕೆಟ್, ರಬ್ಬರ್ ಪಟ್ಟಿಯ ಸ್ಕ್ವೀಜಿ, ಉದ್ದ ಮಾಡಬಹುದಾದ ಒಂದು ಕೋಲು, ಒಂದಿಷ್ಟು ಬಟ್ಟೆ: ಇಷ್ಟೇ ಬಂಡವಾಳ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮೂವತ್ತೆಂಟು ಮನೆ ಮತ್ತು ಅಂಗಡಿಗಳ ಕಿಟಕಿಗಳು ಇವರ ಪಾಲಿಗಿದ್ದವು. ಯಾವ ದಿನ ಯಾವ ಮನೆ, ಎಷ್ಟು ಬಂತು, ಎಷ್ಟು ಬಾಕಿ ಎಂಬುದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದರ ಕೊನೆಯ ಪುಟದಲ್ಲಿ, ಬಿಡಬೇಕೆನಿಸಿದ ಮನೆಗಳದೊಂದು ಪಟ್ಟಿಯಿತ್ತು. ಆ ಪಟ್ಟಿ ಬೆಳೆಯುತ್ತಲೂ ಅಳಿಯುತ್ತಲೂ ಇತ್ತು.

ಕಿಟಕಿ ಒರೆಸುವುದು ನೋಡುವವರಿಗೆ ಸುಲಭ. ಬಿಸಿಲು ನೇರವಾಗಿ ಬೀಳುವ ಗಾಜನ್ನು ಆ ಹೊತ್ತಿನಲ್ಲಿ ತೊಳೆಯಲಾಗದು. ಪಟ್ಟಿ ಎಳೆಯುವ ಮೊದಲೇ ನೀರು ಒಣಗಿ ಗೆರೆ ಉಳಿಯುತ್ತದೆ. ಆದ್ದರಿಂದ ಪೂರ್ವದ ಗೋಡೆಗೆ ಮಧ್ಯಾಹ್ನದ ಮೇಲೆ, ಪಶ್ಚಿಮದ ಗೋಡೆಗೆ ಬೆಳಿಗ್ಗೆ ಹೋಗಬೇಕು. ಇದಕ್ಕಿಂತ ದೊಡ್ಡ ತೊಡಕು ಬೋರ್‌ವೆಲ್ ನೀರಿನದು. ಅದರಲ್ಲಿನ ಸುಣ್ಣದಂಶ ಹನಿ ಹನಿಯಾಗಿ ಗಾಜಿನ ಮೇಲೆ ಒಣಗಿ ಬಿಳಿಯ ಕಲೆಯಾಗುತ್ತದೆ. ಹೊಸ ಕಲೆಯಾದರೆ ನಿಂಬೆ ಉಪ್ಪಿನ ನೀರಿಗೆ ಬಿಡುತ್ತದೆ. ವರ್ಷಾನುಗಟ್ಟಲೆ ಹಾಗೆಯೇ ಬಿಟ್ಟಿದ್ದರೆ ಕಲೆ ಗಾಜಿನ ಮೈಯನ್ನೇ ತಿಂದಿರುತ್ತದೆ, ಆಗ ಯಾವ ದ್ರಾವಣವೂ ಪೂರ್ತಿ ತೆಗೆಯದು. ಮನೆಯವರಿಗೆ ಇದು ತಿಳಿದಿರುವುದಿಲ್ಲ. 'ದುಡ್ಡು ತೆಗೆದುಕೊಂಡು ಕಲೆ ಬಿಟ್ಟು ಹೋಗುತ್ತಾನೆ' ಎಂದು ಗೇಟಿನ ಬಳಿ ನಿಂತು ನೆರೆಯವರಿಗೆ ಕೇಳುವಂತೆ ಹೇಳುತ್ತಾರೆ. ಇಂಥ ಮಾತಿಗೆ ನೊಂದು ಇವರು ಮೊದಲ ವರ್ಷದಲ್ಲಿ ಮೂರು ಮನೆಗಳನ್ನು ಬಿಟ್ಟರು. ಆ ಮೂರನ್ನೂ ಬಿಡಬೇಕಿರಲಿಲ್ಲ ಎಂದು ಈಗ ಹೇಳುತ್ತಾರೆ. ತಿಳಿಯದವರು ಕಷ್ಟದ ಗಿರಾಕಿಗಳಲ್ಲ. ಈಗ ಕೆಲಸ ಹಿಡಿಯುವ ಮೊದಲೇ ಅಂಗೈಯಗಲ ಜಾಗವನ್ನು ಒರೆಸಿ ತೋರಿಸಿ, 'ಇಷ್ಟು ಹೋಗುತ್ತದೆ, ಇಷ್ಟು ಹೋಗುವುದಿಲ್ಲ' ಎಂದು ಹೇಳಿಬಿಡುತ್ತಾರೆ. ಅರ್ಧ ಜಗಳ ಅಲ್ಲಿಯೇ ಮುಗಿಯಿತು.

2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಇನ್ನೊಂದು ಬಗೆಯ ಜಗಳ. ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಮತ್ತು ಅಂಥ ಇತರ ಬಳಕೆಗಳಿಗೆ ಸುರಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆ ಮಾರ್ಚಿಯಲ್ಲಿ ಆಜ್ಞೆ ಹೊರಡಿಸಿತು. ಮನೆಯೊಡೆಯರೊಬ್ಬರು ಆಗಲೂ ಕಿಟಕಿಗೆ ಪೈಪು ಹಿಡಿಯಲೇಬೇಕೆಂದರು. ಇವರು ಅರ್ಧ ಬಕೆಟ್ಟಿನಲ್ಲಿ ಇಡೀ ಮಹಡಿ ಮುಗಿಸಿ ತೋರಿಸಿದರು. ಮುಂದಿನ ಸಲ ಆ ಮನೆಯಲ್ಲಿ ಪೈಪು ಸುತ್ತಿ ಗೋಡೆಗೆ ನೇತುಹಾಕಿತ್ತು. ಆ ಹೆಸರನ್ನೂ ಪಟ್ಟಿಯಿಂದ ಹೊಡೆದುಹಾಕಿದರು.

ಕೆಲವು ಮನೆಗಳ ವಿಷಯದಲ್ಲಿ ಎರಡನೆಯ ಯೋಚನೆಯೇ ಬೇಕಾಗಲಿಲ್ಲ. ಮೂರನೆಯ ಮಹಡಿಯ ಕಿಟಕಿಯನ್ನು ಹೊರಗಿನಿಂದ ಒರೆಸಲು ಹಗ್ಗವಿಲ್ಲದೆ ಸಜ್ಜದ ಮೇಲೆ ನಿಲ್ಲಬೇಕೆಂದು ಒಬ್ಬರು ಹೇಳಿದರು. ಹಿಂದಿನ ಹುಡುಗ ನಿಲ್ಲುತ್ತಿದ್ದನಂತೆ. ಹಗ್ಗದ ಮೇಲೆ ವರ್ಷಗಟ್ಟಲೆ ಬಾಳಿದ ಮನುಷ್ಯನಿಗೆ ಎರಡಡಿಯ ಹಳೆಯ ಸಜ್ಜ ಎಂಥದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಕೆಟ್ ಇಳಿಸದೆಯೇ ಹಿಂದಿರುಗಿದರು.

ಇನ್ನೊಂದು ಮನೆಯಲ್ಲಿ ಪಡಸಾಲೆಯ ಗೋಡೆಗೆ ಬಸವಣ್ಣನವರ ದೊಡ್ಡ ಪಟವಿತ್ತು, ನಿತ್ಯ ಹೂವೂ ಏರುತ್ತಿತ್ತು. ಪೂಜಾಕೋಣೆಯ ಕಿಟಕಿಯ ಸರದಿ ಬಂದಾಗ ಮನೆಯ ಹಿರಿಯರು ಬಾಗಿಲಿಗೆ ಅಡ್ಡ ನಿಂತು, 'ನಿಮ್ಮವರು ಯಾರು?' ಎಂದು ಜಾತಿ ಕೇಳಿದರು. ಇವರು ಏನೆಂದು ಉತ್ತರಿಸಿದರು ಎಂಬುದು ಇಲ್ಲಿ ಅಪ್ರಸ್ತುತ. ಉತ್ತರ ಯಾವುದಾಗಿದ್ದರೂ ಪ್ರಶ್ನೆಯ ಹೊಲಸು ಅಷ್ಟೇ. ಒಪ್ಪಿಕೊಂಡಿದ್ದ ಉಳಿದ ಕಿಟಕಿಗಳನ್ನು ಅಂದು ಎಂದಿನಂತೆಯೇ ಮುಗಿಸಿ, ಕೂಲಿ ಪಡೆದು, ಮತ್ತೆ ಆ ಮನೆಯ ಮೆಟ್ಟಿಲು ತುಳಿಯಲಿಲ್ಲ. ಫೋನು ಬಂದಾಗ 'ಸಮಯವಿಲ್ಲ' ಎಂದರು. ಆ ಸುಳ್ಳು ಮಾತ್ರ ಇಂದಿಗೂ ಚುಚ್ಚುತ್ತದೆ. ಬಿಟ್ಟದ್ದು ಸರಿ, ಏಕೆ ಬಿಟ್ಟೆನೆಂದು ಹೇಳದೆ ಬಿಟ್ಟದ್ದು ಸರಿಯಲ್ಲ ಎಂಬುದು ಇವರ ಅನಿಸಿಕೆ. ಆ ಹಿರಿಯರು ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ, ಹೇಳಬೇಕಾದ ಮಾತು ಹೇಳದೆ ಉಳಿಯಿತು.

ಪಟ್ಟಿಯಲ್ಲಿ ಬಹುಕಾಲ ಮೊದಲ ಸ್ಥಾನದಲ್ಲಿದ್ದವರು ಒಬ್ಬ ನಿವೃತ್ತ ಶಿಕ್ಷಕಿ. ಸಂಜೆ ನಾಲ್ಕರ ಓರೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಹಳೆಯ ಉತ್ತರಪತ್ರಿಕೆ ತಿದ್ದುವವರಂತೆ ಒಂದೊಂದು ಗಾಜನ್ನೂ ನೋಡಿ, 'ಇಲ್ಲೊಂದು ಗೆರೆ, ಅಲ್ಲೊಂದು ಗೆರೆ' ಎನ್ನುವರು. ಆರು ತಿಂಗಳು ಹಲ್ಲು ಕಚ್ಚಿ ಸಹಿಸಿದ್ದಾಯಿತು. ಒಂದು ದಿನ ಸಿಟ್ಟಿನಿಂದ ಅದೇ ಕುರ್ಚಿಯಲ್ಲಿ ಕುಳಿತು ತಾವೇ ನೋಡಿದರು. ಗೆರೆಗಳಿದ್ದವು. ರಬ್ಬರ್ ಪಟ್ಟಿಯ ಅಂಚಿನಲ್ಲಿ ಉಗುರಿಗಷ್ಟೇ ತಿಳಿಯುವ ಸಣ್ಣ ಕಚ್ಚುಗಳಾಗಿದ್ದವು. ಹರಿಯುವವರೆಗೆ ಒಂದೇ ಪಟ್ಟಿ ಬಳಸುವ ಅಭ್ಯಾಸ ಗುತ್ತಿಗೆಯ ಕಾಲದಿಂದ ಬಂದದ್ದು. ಅಂದಿನಿಂದ ಅಂಚು ಮೊಂಡಾದೊಡನೆ ಪಟ್ಟಿ ತಿರುವಿ ಹಾಕುತ್ತಾರೆ, ಎರಡೂ ಅಂಚು ಸವೆದರೆ ಬದಲಿಸುತ್ತಾರೆ. ಉಳಿದ ಮೂವತ್ತೇಳು ಕಡೆಯ ಗಾಜುಗಳಿಗೂ ಆ ಶಿಕ್ಷಕಿಯ ಗದರಿಕೆಯ ಫಲ ದೊರೆಯಿತು. ಶರಣರು ನಿಂದಕರನ್ನು ಹತ್ತಿರವೇ ಇಟ್ಟುಕೊಳ್ಳುತ್ತಿದ್ದರೆಂದು ನಾವು ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ. ಬಕೆಟ್ ಹಿಡಿದು ಬಿಸಿಲಲ್ಲಿ ನಿಂತಾಗ ತಲೆದೂಗುವುದು ಬೇರೆ.

ಹಾಗೆಯೇ, ನಿಂತುಹೋದ ಗಿರಣಿಯೊಂದರಲ್ಲಿ ದುಡಿದ ವೃದ್ಧರ ಎರಡು ಕೋಣೆಗಳ ಮನೆ. ನಾಲ್ಕೇ ಕಿಟಕಿ, ದೂರದ ದಾರಿ, ಐದು ವರ್ಷಗಳ ಹಿಂದಿನ ದರ. ವ್ಯವಹಾರ ಬಲ್ಲವರು ಮೊದಲು ಬಿಡಬೇಕಾದ್ದು ಇದನ್ನೇ ಎಂದರು. ಆದರೆ ಲಾಭ ಕಡಿಮೆಯಾದ ಮನೆಗೂ ಕಷ್ಟ ಕೊಡುವ ಮನೆಗೂ ಅಂತರವಿದೆ. ಆ ವೃದ್ಧರು ಒಮ್ಮೆಯೂ ಹಣ ತಡಮಾಡಿದವರಲ್ಲ, ಮಜ್ಜಿಗೆ ಕೊಡದೆ ಕಳಿಸಿದವರಲ್ಲ. ಮಾಚಿದೇವರು ನಿರಾಕರಿಸಿದ್ದು ಅರಸನ ಕಡೆಯವರ ಗಂಟನ್ನು. ಬಡವರ ಗಂಟನ್ನು ಹಿಂದಿರುಗಿಸುವುದರಲ್ಲಿ ಯಾವ ವೀರವೂ ಇಲ್ಲ. ಆ ಮನೆ ಉಳಿಯಿತು.

ಉಳಿದದ್ದು ಒಂದೇ ಹೆಸರು, ಅದನ್ನು ಪಟ್ಟಿಯಲ್ಲಿ ಬರೆಯಲು ಕೈ ಬಂದಿರಲಿಲ್ಲ. ರಾಜಾಜಿನಗರದ ನಾಲ್ಕು ಮಹಡಿಗಳ ವಾಣಿಜ್ಯ ಕಟ್ಟಡ. ತಿಂಗಳ ನಾಲ್ಕೂ ಗುರುವಾರ ಅದಕ್ಕೇ ಮೀಸಲು. ಇಡೀ ಗಳಿಕೆಯ ಮೂರರಲ್ಲೊಂದು ಪಾಲು ಅದರಿಂದಲೇ ಬರುತ್ತಿತ್ತು. ಮಗಳು ಪಿಯುಸಿಗೆ ಸೇರಿದ್ದು ಆ ಹಣದ ಧೈರ್ಯದ ಮೇಲೆಯೇ. ಮಾಲೀಕರು ಸಜ್ಜನರೆಂದೇ ಹೆಸರಾದವರು. ಕಂಡಾಗಲೆಲ್ಲ ಶರಣಾರ್ಥಿ ಎನ್ನುವರು, ಒಮ್ಮೆಯೂ ದನಿಯೇರಿಸಿದವರಲ್ಲ. ಹಣ ಮಾತ್ರ ಮೂರು ತಿಂಗಳು, ನಾಲ್ಕು ತಿಂಗಳು ತಡ. ಕೊಡುವಾಗಲೂ ಒಂದಿಷ್ಟು ಕಡಿತ. ಕೇಳಿದರೆ 'ನಮ್ಮವರೇ ಅಲ್ಲವೇ' ಎಂಬ ನಗು. ಬೈದವರ ಮನೆ ಬಿಡುವುದು ಸುಲಭ, ನಕ್ಕವರ ಮನೆ ಬಿಡುವುದು ಕಷ್ಟ.

ಪರಿಚಿತರೊಬ್ಬರು ಕಾನೂನಿನ ದಾರಿ ತೋರಿಸಿದರು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ, ನೋಂದಾಯಿತ ಕಿರು ಉದ್ಯಮಿಯಿಂದ ಸೇವೆ ಪಡೆದವರು ಬರಹದ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಸಲ್ಲಿಸಬೇಕು. ಮೀರಿದರೆ ಬಡ್ಡಿ ತೆರಬೇಕು. ಇವರು ಉದ್ಯಮ್ ನೋಂದಣಿ ಮಾಡಿಸಿ, ಬಿಲ್ಲಿನ ಮೇಲೆ ಆ ಸಂಖ್ಯೆಯನ್ನು ಬರೆದು ಲೆಕ್ಕದವರ ಕೈಗಿತ್ತರು. ಹಳೆಯ ಬಾಕಿ ಒಂದು ವಾರದಲ್ಲಿ ಬಂದಿತು. ಮುಂದಿನ ಬಿಲ್ಲು ಮತ್ತೆ ಹಳೆಯ ಹಾದಿಯನ್ನೇ ಹಿಡಿಯಿತು. ಕಟಕಟೆ ಹತ್ತುವ ಮನಸ್ಸು ಇವರಿಗಿರಲಿಲ್ಲ.

ಆದರೆ ಅವರು ಆ ಕಟ್ಟಡವನ್ನು ಬಿಟ್ಟದ್ದು ಬಾಕಿಯ ಕಾರಣದಿಂದಲ್ಲ. ಒಂದು ಗುರುವಾರ ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ, 'ಇವತ್ತು ಬೇಗ ಬಂದಿರಲ್ಲ' ಎಂದರು. ಸಹಜವಾದ ಮಾತು. ಅನ್ನ ಕಲಸುತ್ತಿದ್ದ ಕೈ ನಿಂತಿತು. ಬೇಗ ಬಂದದ್ದು ಹೇಗೆಂದರೆ, ನಾಲ್ಕನೆಯ ಮಹಡಿಯ ಹಿಂಬದಿಯ ಗಾಜುಗಳನ್ನು ಅಂದು ಮುಟ್ಟಿರಲಿಲ್ಲ. ಅಂದಷ್ಟೇ ಅಲ್ಲ, ಎರಡು ತಿಂಗಳಿನಿಂದಲೂ ಮುಟ್ಟಿರಲಿಲ್ಲ. ಅವು ರಸ್ತೆಗೆ ಕಾಣುವುದಿಲ್ಲ, ಒಳಗೆ ಹಳೆಯ ಕಡತಗಳ ಕೋಣೆ. ಬಿಲ್ಲಿನಲ್ಲಿ ಮಾತ್ರ ಎಲ್ಲ ಗಾಜುಗಳ ಲೆಕ್ಕ. ಸಂಗತಿಯನ್ನು ಕೇಳಿದ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದು, 'ಅವರು ಹಣ ಹಿಡಿದರು, ನೀವು ಕೆಲಸ ಹಿಡಿದಿರಿ. ಗಾಜು ಏನು ಮಾಡಿತ್ತು?' ಎಂದರು.

ಗಂಡನ ಕಾಯಕದ ಲೆಕ್ಕವನ್ನು ಹೆಂಡತಿ ಕೇಳುವುದು ಶರಣ ಪರಂಪರೆಗೆ ಹೊಸದಲ್ಲ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚಿನ ಅಕ್ಕಿ ತಂದ ದಿನ, ಅದನ್ನು ತಂದಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮನವರು ಹಿಂದಕ್ಕೆ ಕಳಿಸಿದ ಕಥೆ ಎಲ್ಲರಿಗೂ ತಿಳಿದದ್ದು. ಆ ಕಥೆಯನ್ನು ದುರಾಸೆಯ ನಿಷೇಧವೆಂದು ವ್ಯಾಖ್ಯಾನಿಸುವುದು ರೂಢಿ. ಅಳತೆ ತಪ್ಪಿದಾಗ ಅದು ಮೊದಲು ಕಾಣುವುದು ಹೊತ್ತು ತಂದವರಿಗಲ್ಲ, ಮನೆಯಲ್ಲಿ ಪಾತ್ರೆ ಹಿಡಿದು ನಿಂತವರಿಗೆ ಎಂಬ ಅರ್ಥವೂ ಅದರಲ್ಲಿದೆ. ಈ ಮನೆಯಲ್ಲಿ ತಪ್ಪಿದ್ದು ಹೆಚ್ಚಿನ ಅಕ್ಕಿಯಲ್ಲ, ಕಡಿಮೆಯಾದ ಒಂದೂವರೆ ಗಂಟೆ.

ಆ ರಾತ್ರಿ ಇವರಿಗೆ ಸ್ಪಷ್ಟವಾದದ್ದಿಷ್ಟು. ಇದುವರೆಗೆ ಪಟ್ಟಿ ಬರೆಯುವಾಗಲೆಲ್ಲ ಎದುರಿನವರು ಎಂಥವರೆಂದೇ ಕೇಳಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ತಮ್ಮ ಕೈ ಎಂಥದಾಗುತ್ತಿದೆ ಎಂದು ಕೇಳಿಕೊಂಡಿರಲಿಲ್ಲ. ಶಿಕ್ಷಕಿಯ ಮನೆಯಲ್ಲಿ ಕೈ ಪಳಗಿತ್ತು, ಈ ಕಟ್ಟಡದಲ್ಲಿ ಕೈ ಸುಳ್ಳು ಹೇಳಲು ಕಲಿತಿತ್ತು. ಬೈಗುಳವಿಲ್ಲದ, ಅವಮಾನವಿಲ್ಲದ ಜಾಗದಲ್ಲಿಯೇ ಅದು ನಡೆದದ್ದರಿಂದ ಗುರುತು ಹತ್ತಿರಲಿಲ್ಲ.

ಮುಂದಿನ ಭಾನುವಾರ ಕಾವಲುಗಾರರಿಗೆ ಹೇಳಿ ಒಳಹೊಕ್ಕು, ಎರಡು ತಿಂಗಳ ಧೂಳು ಕೂತಿದ್ದ ಆ ಹನ್ನೆರಡು ಗಾಜುಗಳನ್ನು ತೊಳೆದರು. ಅದಕ್ಕೆ ಬಿಲ್ಲು ಬರೆಯಲಿಲ್ಲ. ಸೋಮವಾರ ಮಾಲೀಕರನ್ನು ಕಂಡು, ಕೆಲಸ ತಪ್ಪಿಸಿದ್ದನ್ನೂ ಸರಿಪಡಿಸಿದ್ದನ್ನೂ ತಿಳಿಸಿ, ಇನ್ನೊಂದು ತಿಂಗಳು ಮಾತ್ರ ಬರುವುದಾಗಿ ಹೇಳಿದರು. ಕಾರಣ ಕೇಳಿದಾಗ ಈ ಸಲ 'ಸಮಯವಿಲ್ಲ' ಎನ್ನಲಿಲ್ಲ. 'ಹಣ ತಡವಾದಾಗ ನನ್ನ ಕೆಲಸ ಕೆಡುತ್ತದೆ, ಕೆಟ್ಟ ಕೆಲಸ ಮಾಡಲು ನನಗೆ ಮನಸ್ಸಿಲ್ಲ' ಎಂದರು. ಮಾಲೀಕರು ಎಂದಿನಂತೆ ನಕ್ಕು, ಗಾಜು ಒರೆಸುವವರಿಗೆ ಈ ಊರಿನಲ್ಲಿ ಬರವಿಲ್ಲವೆಂದರು. ಅದೂ ನಿಜವೇ.

ಹನ್ನೊಂದು ಗುರುವಾರಗಳು ಖಾಲಿ ಹೋದವು. ಮಗಳ ಎರಡನೆಯ ಕಂತಿನ ಶುಲ್ಕಕ್ಕೆ ಹೆಂಡತಿಯ ಸಂಘದಿಂದ ಸಾಲ ತೆಗೆಯಬೇಕಾಯಿತು. ಅದು ಇನ್ನೂ ತೀರಿಲ್ಲ. ಖಾಲಿ ದಿನಗಳಲ್ಲಿ ಅಂಗಡಿ ಬೀದಿಗಳಲ್ಲಿ ನಡೆದು ಕೇಳಿದ್ದರಿಂದ ಒಂದು ಬೇಕರಿ, ಒಂದು ಕನ್ನಡಕದ ಅಂಗಡಿ, ಎರಡು ಔಷಧದ ಅಂಗಡಿಗಳು ದೊರೆತವು. ನಾಲ್ಕೂ ಕೂಡಿದರೆ ಹಳೆಯ ಕಟ್ಟಡದ ಅರ್ಧಕ್ಕಿಂತ ತುಸು ಹೆಚ್ಚು. ಕಟ್ಟಡದ ಕೊನೆಯ ತಿಂಗಳ ಹಣ ಮೂರು ತಿಂಗಳು ಕಳೆದ ಮೇಲೆ ಒಂದು ರಾತ್ರಿ ಸದ್ದಿಲ್ಲದೆ ಫೋನಿಗೆ ಬಂದು ಬಿದ್ದಿತು, ಈ ಸಲ ಕಡಿತವಿಲ್ಲದೆ.

ಈಗಲೂ ಗುರುವಾರ ಬೇಕರಿಗೆ ಹೋಗುವ ದಾರಿಯಲ್ಲಿ ಆ ಕಟ್ಟಡದ ಮುಂದಿನ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲುತ್ತದೆ. ಮುಂಭಾಗದ ಗಾಜುಗಳು ಹೊಳೆಯುತ್ತಿರುತ್ತವೆ, ಹೊಸಬರ ಕೈ ಚೆನ್ನಾಗಿದೆ. ಇವರ ಕಣ್ಣು ಮಾತ್ರ ನಾಲ್ಕನೆಯ ಮಹಡಿಯ ಅಂಚಿನವರೆಗೆ ಹೋಗಿ ನಿಲ್ಲುತ್ತದೆ. ಹಿಂಬದಿ ಅಲ್ಲಿಂದ ಕಾಣುವುದಿಲ್ಲ.