ಎಂಜಿನ್ ಬಿಚ್ಚಿದ ಮೇಲೆ

ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮುಂದೆಲ್ಲ ಬಿಡಿಭಾಗಗಳ ಅಂಗಡಿ, ಹಿಂದಿನ ಗಲ್ಲಿಗಳಲ್ಲಿ ಬೋರಿಂಗ್ ಶಾಪು. ಲಾರಿ, ಅಂಬಾಸಿಡರ್, ಫಿಯೆಟ್, ಯಾವುದು ಹೊಗೆ ಉಗುಳತೊಡಗಿದರೂ ಅದರ ಬ್ಲಾಕು ತಳ್ಳುಗಾಡಿ ಏರಿ ಅಲ್ಲಿಗೆ ಬರುತ್ತಿತ್ತು. ಡಿಪ್ಲೊಮಾ ಮುಗಿಸಿದ ನಾನು ಅಂಥದೊಂದು ಶಾಪಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿನ ಹಿರಿಯ ಫಿಟ್ಟರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ನನಗೂ ಅವರು ಉಸ್ತಾದರೇ.

ಆಗೊಮ್ಮೆ ಈಗೊಮ್ಮೆ ಕಂಟೋನ್ಮೆಂಟ್ ಕಡೆಯಿಂದ ಬೇರೆ ಥರದ ಗಿರಾಕಿ ಬರುತ್ತಿದ್ದರು. ಅವರ ಹತ್ತಿರ ಎಂಜಿಎ ಇರುತ್ತಿತ್ತು. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1955ರಿಂದ 1962ರವರೆಗೆ ತಯಾರಾದ, ಎರಡೇ ಸೀಟಿನ, ಹೊರಳು ಮೈಯ ಚೆಂದದ ಕಾರು. ಎಣ್ಣೆ ಕುಡಿಯುತ್ತಿದೆ, ಎಂಜಿನ್ ಕೆಲಸ ಆಗಬೇಕು ಅನ್ನುತ್ತ ಶುರುಮಾಡಿದವರು ಕೊನೆಗೆ ತಪ್ಪದೆ ಕೇಳುತ್ತಿದ್ದರು: "ಹೇಗೂ ಬಿಚ್ಚಿದ್ದೀರಲ್ಲ, ಪವರ್ ಸ್ವಲ್ಪ ಜಾಸ್ತಿ ಮಾಡೋಕಾಗುತ್ತಾ?"

ಉಸ್ತಾದರಿಗೆ ಆ ಎಂಜಿನ್ ಹೊಸದೇನಲ್ಲ. ಮೊದಲ ಎಂಜಿಎಯ 1489 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್. ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ನಮ್ಮ ಅಂಬಾಸಿಡರಿನ ಹೊಟ್ಟೆಯಲ್ಲೂ ಅದೇ ವಂಶದ 1489 ಸಿಸಿ ಎಂಜಿನ್. ಬೋರು ಅದೇ, ಸ್ಟ್ರೋಕು ಅದೇ. ಹೊರದೇಶದಿಂದ ಒಂದು ಗ್ಯಾಸ್ಕೆಟ್ ತರಿಸಲಿಕ್ಕೂ ಲೈಸೆನ್ಸು ಬೇಕಿದ್ದ ಕಾಲದಲ್ಲಿ ಈ ನೆಂಟಸ್ತಿಕೆಯೇ ಅನೇಕ ಎಂಜಿಗಳನ್ನು ಉಳಿಸಿತು. ಅಂಬಾಸಿಡರ್ ಐವತ್ತರ ಆಸುಪಾಸು ಅಶ್ವಶಕ್ತಿ ಕೊಟ್ಟರೆ, ಎಂಜಿಎ ಮೊದಲಿಗೆ 68, ಆಮೇಲೆ 72 ಕೊಡುತ್ತಿತ್ತು. ವ್ಯತ್ಯಾಸ ಇದ್ದದ್ದು ಹೆಡ್ಡಿನಲ್ಲಿ, ಕ್ಯಾಮಿನಲ್ಲಿ, ಜೋಡಿ ಎಸ್‌ಯು ಕಾರ್ಬುರೇಟರಿನಲ್ಲಿ.

ಬಹುತೇಕ ಗಿರಾಕಿಗಳು ದೊಡ್ಡ ಬೋರು ಹೊಡೆದರೆ ಪವರ್ ತಾನಾಗಿ ಬರುತ್ತದೆ ಎಂದು ನಂಬಿದ್ದರು. ಉಸ್ತಾದರು ಕಾಗದ ತೆಗೆದು ನನ್ನ ಕೈಗೆ ಕೊಟ್ಟು, "ಡಿಪ್ಲೊಮಾ, ಲೆಕ್ಕ ಹಾಕಿ ತೋರ್ಸು ಇವ್ರಿಗೆ" ಎನ್ನುತ್ತಿದ್ದರು. 73.025 ಮಿ.ಮೀ. ಬೋರನ್ನು 40 ಥೌ ದೊಡ್ಡದು ಮಾಡಿದರೆ, ಅಂದರೆ ಒಂದು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು, ಎಂಜಿನ್ 1489ರಿಂದ 1531 ಸಿಸಿಗೆ ಹೋಗುತ್ತದೆ. ನೂರಕ್ಕೆ ಮೂರೂ ಇಲ್ಲ. ರೀಬೋರು ಸವೆದ ಸಿಲಿಂಡರಿಗೆ ಮತ್ತೆ ಉರುಟು ಕೊಡುವ ಕೆಲಸ, ಕಳೆದುಕೊಂಡದ್ದನ್ನು ವಾಪಸು ತರುವ ಕೆಲಸ. ಹೊಸ ಪವರ್ ಬೇಕಾದರೆ ಗಾಳಿಯ ದಾರಿ ನೋಡಬೇಕು.

ಆ ದಾರಿಯಲ್ಲೇ ಈ ಎಂಜಿನ್ನಿನ ಕಷ್ಟವೆಲ್ಲ ಇತ್ತು. ನಾಲ್ಕು ಸಿಲಿಂಡರಿಗೆ ಒಳಗಾಳಿಯ ಬಾಯಿ ಎರಡೇ. ಒಂದು ಎರಡಕ್ಕೆ ಸೇರಿ ಒಂದು, ಮೂರು ನಾಲ್ಕಕ್ಕೆ ಸೇರಿ ಇನ್ನೊಂದು. ಹೊಗೆ ಹೋಗುವ ಬಾಯಿ ಮೂರು. ಫೈರಿಂಗ್ ಆರ್ಡರ್ 1-3-4-2 ಆದ್ದರಿಂದ ಒಂದೇ ಬಾಯಿಯ ಎರಡು ಸಿಲಿಂಡರುಗಳು ಒಂದರ ಬೆನ್ನಿಗೇ ಒಂದು ಗಾಳಿ ಎಳೆಯುತ್ತವೆ, ಒಂದರ ಪಾಲಿಗೆ ಇನ್ನೊಂದು ಕೈಹಾಕುತ್ತದೆ. ಉಸ್ತಾದರು ಸಣ್ಣ ಗ್ರೈಂಡಿಂಗ್ ಕಲ್ಲು ಹಿಡಿದು, ಎರಕದಲ್ಲಿ ಉಳಿದ ಉಬ್ಬುತಗ್ಗುಗಳನ್ನು, ವಾಲ್ವ್ ಗೈಡಿನ ಸುತ್ತಲಿನ ದಪ್ಪವನ್ನು ತಿದ್ದುತ್ತಿದ್ದರು. ಎಲ್ಲೆಂದರಲ್ಲಿ ಅಗಲ ಮಾಡುತ್ತಿರಲಿಲ್ಲ. ತೀರ ಅಗಲವಾದರೆ ಗಾಳಿಯ ವೇಗ ಬಿದ್ದು ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಸತ್ತುಹೋಗುತ್ತದೆ. ಕಣ್ಣಿಗೆ ಕಾಣದ ಒಳತಿರುವಿಗೆ ಕಿರುಬೆರಳು ತೂರಿಸಿ, ಕಣ್ಣು ಮುಚ್ಚಿ, ಎರಡು ಪೋರ್ಟುಗಳನ್ನು ಹೋಲಿಸುತ್ತ ನಿಲ್ಲುತ್ತಿದ್ದರು. ಆಮೇಲೆ ವಾಲ್ವ್ ಸೀಟಿಗೆ ಮೂರು ಕೋನದ ಕಟಿಂಗು, ಪೇಸ್ಟ್ ಹಚ್ಚಿ ಕೈಯಲ್ಲೇ ತಿರುವುವುದು, ನೀಲಿ ಬಣ್ಣ ಸವರಿ ಸುತ್ತಲೂ ಸಮನಾಗಿ ಕೂತಿದೆಯೇ ಎಂದು ನೋಡುವುದು.

ಕಂಪ್ರೆಶನ್ ಏರಿಸುವ ಕೆಲಸವನ್ನು ನನಗೆ ಬಿಟ್ಟಿದ್ದರು. ಕಾಲೇಜಿನ ಲ್ಯಾಬಿನಲ್ಲಿ ಕಂಡಿದ್ದ ಬ್ಯುರೆಟ್ ಇಲ್ಲಿ ಕೆಲಸಕ್ಕೆ ಬಂತು. ಹೆಡ್ಡನ್ನು ಬೋರಲು ಹಾಕಿ, ಮಟ್ಟ ನೋಡಿ, ವಾಲ್ವು, ಪ್ಲಗ್ಗು ಕೂರಿಸಿ, ಚೇಂಬರಿನ ಅಂಚಿಗೆ ಗ್ರೀಸು ಸವರಿ, ತೂತಿರುವ ಗಾಜಿನ ಬಿಲ್ಲೆ ಮುಚ್ಚಿ, ಸೀಮೆಎಣ್ಣೆ ಹನಿಹನಿಯಾಗಿ ಬಿಡಬೇಕು. ಗಾಜಿನ ಕೆಳಗಿನ ಕೊನೆಯ ಗುಳ್ಳೆ ಹೊರಬಿದ್ದ ಕ್ಷಣ ಅಳತೆ ಬರೆದುಕೊಳ್ಳಬೇಕು. ನಾಲ್ಕೂ ಒಂದೇ ಅಳತೆಗೆ ಬರುವವರೆಗೆ ಚಿಕ್ಕದನ್ನು ತಿದ್ದಬೇಕು, ಆಮೇಲೆ ಹೆಡ್ ಫೇಸಿಂಗ್. 8.3 ಇದ್ದ ಕಂಪ್ರೆಶನ್ 9ಕ್ಕೆ ಏರಲು ಸಿಲಿಂಡರ್ ಒಂದಕ್ಕೆ ಸುಮಾರು 4.5 ಸಿಸಿ ಜಾಗ ಕಡಿಮೆಯಾದರೆ ಸಾಕು. ಅಂದಿನ ಕಡಿಮೆ ಆಕ್ಟೇನಿನ ಪೆಟ್ರೋಲಿಗೆ ಅದನ್ನು ದಾಟುವ ಧೈರ್ಯ ನಮಗಿರಲಿಲ್ಲ. ಚಡಾವಿನಲ್ಲಿ ನಾಕಿಂಗ್ ಕೇಳಿತೆಂದರೆ ಪಿಸ್ಟನ್ನಿಗೆ ಆಯುಸ್ಸು ಕಡಿಮೆ.

ಕನೆಕ್ಟಿಂಗ್ ರಾಡು, ಪಿಸ್ಟನ್ನುಗಳನ್ನು ಚೀಲದಲ್ಲಿ ಹಾಕಿಕೊಂಡು ನಗರ್ತಪೇಟೆಯ ಬೆಳ್ಳಿ ಅಂಗಡಿಗೆ ತೂಗಿಸಲು ಹೋಗುತ್ತಿದ್ದೆವು. ತೂಕದಲ್ಲಿ ಎಲ್ಲಕ್ಕಿಂತ ಹಗುರಾದದ್ದಕ್ಕೆ ಉಳಿದ ಮೂರನ್ನೂ ಅರದಿಂದ ಉಜ್ಜಿ ಸರಿಗಟ್ಟುವುದು. ಕ್ರ್ಯಾಂಕಿಗೆ ಇರುವುದು ಮೂರೇ ಮೇನ್ ಬೇರಿಂಗು. ಆರ್‌ಪಿಎಂ ಏರಿದಂತೆ ಅದು ಬಾಗುತ್ತದೆ. ಎಂಜಿಎ ಜಾಗಕ್ಕೆ ಬಂದ ಎಂಜಿಬಿ ಕಾರಿನ, ಅದೇ ವಂಶದ 1798 ಸಿಸಿ ಎಂಜಿನ್ನಿಗೆ 1964ರಲ್ಲಿ ಐದು ಬೇರಿಂಗು ಕೊಟ್ಟದ್ದು ಸುಮ್ಮನೆ ಅಲ್ಲ. ಹಾಗಾಗಿ ಈ ತೂಕದ ಕೆಲಸವನ್ನು ನಾನು ಇವತ್ತಿಗೂ ದೊಡ್ಡ ಕಾರ್ಬುರೇಟರಿಗಿಂತ ಮೇಲೆ ಇಡುತ್ತೇನೆ.

ಕಾರ್ಬುರೇಟರ್ ಹೊಂದಿಸಲು ಒಂದು ರಬ್ಬರ್ ಪೈಪು. ಒಂದು ತುದಿ ಕಿವಿಯಲ್ಲಿ, ಇನ್ನೊಂದು ಕಾರ್ಬುರೇಟರ್ ಬಾಯಲ್ಲಿ. ಎರಡೂ ಕಡೆಯ ಸುಯ್ಲು ಒಂದೇ ಆಗುವವರೆಗೆ ಸ್ಕ್ರೂ ತಿರುವಬೇಕು. ಪವರ್ ಅಳೆಯಲು ನಂದಿ ಬೆಟ್ಟ. ಯಾವ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಯಬೇಕಾಗಿತ್ತೋ ಅಲ್ಲಿ ಮೂರರಲ್ಲೇ ಎಳೆದರೆ ಕೆಲಸ ಗೆದ್ದಂತೆ. ಮದ್ರಾಸಿನ ಬಳಿಯ ಶೋಲಾವರಂ ರನ್‌ವೇ ಮೇಲೆ ರೇಸಿಗೆ ಹೋಗುವವರು ಬಂದರೆ ಮಾತು ಬೇರೆ. ಅವರಿಗೆ ಕ್ಯಾಮ್‌ಶಾಫ್ಟನ್ನು ಮರುಗ್ರೈಂಡ್ ಮಾಡಿಸಿ, ವಾಲ್ವ್ ಹೆಚ್ಚು ಹೊತ್ತು ತೆರೆದಿರುವಂತೆ ಮಾಡಬೇಕಿತ್ತು. ಅಂಥ ಎಂಜಿನ್ ಐಡ್ಲಿಂಗಿನಲ್ಲಿ ಕುಂಟುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಹಾಡುತ್ತದೆ. ಊರೊಳಗೆ ಓಡಿಸುವವರಿಗೆ ಅದನ್ನು ಹಾಕಿಕೊಡಲು ಉಸ್ತಾದರು ಒಪ್ಪುತ್ತಲೇ ಇರಲಿಲ್ಲ, ಎಷ್ಟು ದುಡ್ಡು ಕೊಟ್ಟರೂ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ನಮ್ಮ ಗಲ್ಲಿಗೆ ಅದರ ಬಿಸಿ ತಟ್ಟಲು ಕೆಲವು ವರ್ಷ ಹಿಡಿಯಿತು. ಅದರ ಎಂಜಿನ್ ಬೇಗ ಸವೆಯುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಅಂಬಾಸಿಡರಿಗೂ ಇಸುಜು ಎಂಜಿನ್ ಬಂತು, ಬಿ-ಸೀರೀಸಿನ ಬ್ಲಾಕುಗಳು ವಿರಳವಾದವು. ಈಚಿನ ಎಷ್ಟೋ ಅಲ್ಯೂಮಿನಿಯಂ ಬ್ಲಾಕುಗಳಿಗೆ ರೀಬೋರೇ ಇಲ್ಲ, ಕೆಟ್ಟರೆ ಇಡೀ ಅಸೆಂಬ್ಲಿ ಬದಲು. ಶಾಪುಗಳು ಒಂದೊಂದಾಗಿ ಬಾಗಿಲು ಹಾಕಿದವು, ಬೋರಿಂಗ್ ಮಷಿನ್ನುಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋದವು. ಆ ಮಷಿನ್ನು ಹೋದದ್ದಕ್ಕಿಂತ, ಅದನ್ನು ನಡೆಸುತ್ತಿದ್ದ ಕೈಗಳಿಂದ ಯಾರೂ ವಿದ್ಯೆ ಪಡೆದುಕೊಳ್ಳದೆ ಹೋದರಲ್ಲ, ಅದು ನನ್ನನ್ನು ಇಂದಿಗೂ ನೋಯಿಸುತ್ತದೆ. ಉಸ್ತಾದರ ಮಕ್ಕಳಲ್ಲಿ ಒಬ್ಬರೂ ಈ ಕಡೆ ತಿರುಗಲಿಲ್ಲ.

ಹಳೆಯ ಕಾರುಗಳಿಗೆ ಮಾತ್ರ ಮತ್ತೆ ಕಾಲ ಬಂದಿದೆ. ಪಿಸ್ಟನ್, ಕ್ಯಾಮ್, ಹೆಡ್ ಎಲ್ಲ ಇಂಗ್ಲೆಂಡಿನಿಂದ ಕೊರಿಯರಿನಲ್ಲಿ ಬರುತ್ತವೆ. ಕೆಲಸದ ಲೆಕ್ಕವೂ ಬದಲಾಗಿದೆ. 2000ದಲ್ಲಿ ಸೀಸದ ಪೆಟ್ರೋಲ್ ನಿಂತ ಮೇಲೆ ಎಗ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು ಕೂರಿಸಲೇಬೇಕು, ಇಲ್ಲವಾದರೆ ವಾಲ್ವು ಹೆಡ್ಡಿನೊಳಕ್ಕೆ ಇಳಿಯುತ್ತ ಹೋಗುತ್ತದೆ. ಈಗ ನೂರಕ್ಕೆ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪು, ಸೀಲು ತಡೆಯುವುದಿಲ್ಲ. ಕಾರ್ಬುರೇಟರಿನ ನೀಡಲನ್ನೂ ಬದಲಿಸಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸಬೇಕು.

ಮೊನ್ನೆ ಪರಿಚಯದ ವರ್ಕ್‌ಶಾಪಿನಲ್ಲಿ ಒಂದು ಎಂಜಿಎ ಎಂಜಿನ್ ಕೂಡಿಸುತ್ತಿದ್ದರು. ಹುಡುಗಿಯೊಬ್ಬಳು, ಮೆಕ್ಯಾನಿಕಲ್ ಎಂಜಿನಿಯರು, ಹೆಡ್ಡನ್ನು ಫ್ಲೋ ಬೆಂಚಿನ ಮೇಲಿಟ್ಟು ಒಂದೊಂದು ಪೋರ್ಟಿನಲ್ಲಿ ಎಷ್ಟು ಗಾಳಿ ಹಾಯುತ್ತದೆ ಎಂದು ಅಳೆಯುತ್ತಿದ್ದಳು. ವಾಲ್ವನ್ನು ಸ್ವಲ್ಪಸ್ವಲ್ಪ ಎತ್ತಿ ಪ್ರತಿ ಎತ್ತರಕ್ಕೂ ಅಂಕಿ ಬರೆದುಕೊಳ್ಳುತ್ತಿದ್ದಳು. ಉಸ್ತಾದರು ಬೆರಳಿನಿಂದ ಹುಡುಕುತ್ತಿದ್ದ ಜಾಗದಲ್ಲೇ, ಗೈಡಿನ ಹಿಂದಿನ ಒಳತಿರುವಿನಲ್ಲೇ, ಅವಳ ಅಂಕಿಗಳೂ ತಡೆ ತೋರಿಸುತ್ತಿದ್ದವು. ನನಗೆ ಆದ ಸಂತೋಷವನ್ನು ಅವಳಿಗೆ ಹೇಳಿದೆ. "ಸರ್, ಅವರು ಎಷ್ಟು ಎಂ.ಎಂ. ತೆಗೀತಿದ್ರು?" ಎಂದು ನೋಟ್‌ಬುಕ್ಕು ತೆರೆದಳು. ನನಗೆ ನೆನಪಿದ್ದಷ್ಟನ್ನು ಬರೆಸಿದೆ.

ಕಾರಿನ ಮಾಲೀಕರು ಇನ್ನೂ ದೊಡ್ಡ ಕಾರ್ಬುರೇಟರ್ ಕೂರಿಸುವ ಉಮೇದಿನಲ್ಲಿದ್ದರು. ಅವರ ಕಾರು 1489 ಸಿಸಿಯದು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅಬಿಂಗ್ಡನ್ನಿನವರೇ 1959ರಲ್ಲಿ ಎಂಜಿನ್ನನ್ನು 1588 ಸಿಸಿಗೆ ಏರಿಸಿದಾಗ ಜೊತೆಗೇ ಮುಂದಿನ ಚಕ್ರಕ್ಕೆ ಡಿಸ್ಕ್ ಕೊಟ್ಟರು ಎಂದು ನಾನೂ ಆ ಹುಡುಗಿಯೂ ವಿವರಿಸಿದ ಮೇಲೆ, ಕಾರ್ಬುರೇಟರಿನ ದುಡ್ಡನ್ನು ಬ್ರೇಕಿಗೆ ಹಾಕಲು ಒಪ್ಪಿದರು.