ಊದದ ಸೀಟಿ

ಹೋದ ಶನಿವಾರ ಶಾಲೆಯ ಫುಟ್‌ಬಾಲ್ ಪಂದ್ಯ ಮುಗಿಸಿ ಬಂದ ಮೊಮ್ಮಗಳು ಬೂಟುಗಳನ್ನು ಮೂಲೆಗೆ ಒಗೆದು ನನ್ನ ಮುಂದೆ ಕುಳಿತಳು.

"ಮುತ್ಯಾ, ಆ ರೆಫರಿಗೆ ಕಣ್ಣಽ ಇಲ್ಲ! ಗೋಲ್ ಮುಂದಽ ನನಗ ಅಡ್ಡಗಾಲು ಹಾಕಿ ಕೆಡವಿದ್ರು. ಅಂವಾ ಸೀಟಿ ಊದಲಿಲ್ಲ. ಎರಡೂ ಕೈ ಮುಂದ ಚಾಚಿ ಓಡ್ಕೋತ ಹೋದ."

"ಚೆಂಡು ಎಲ್ಲಿ ಹೋತು?"

"ನನ್ನ ಗೆಳತಿ ಕಡೆ. ಆಕಿ ಗೋಲ್ ಹೊಡದಳು."

"ಮತ್ತ ಸಿಟ್ಟು ಯಾಕವ್ವಾ?"

"ಪೆನಾಲ್ಟಿ ಕೊಟ್ಟಿದ್ರ ನಾನಽ ಹೊಡೀತಿದ್ದೆ!"

ನನಗೆ ನಗು ಬಂತು. ಜೊತೆಗೆ ಹಳೆಯದೊಂದು ನೆನಪೂ ಬಂದು ನಗು ಅರ್ಧಕ್ಕೇ ನಿಂತಿತು.

ಮಕ್ಕಳೇ, ಎರಡೂ ಕೈ ಮುಂದೆ ಚಾಚುವುದಕ್ಕೆ ಅರ್ಥವಿದೆ. 'ತಪ್ಪು ಕಂಡಿದ್ದೇನೆ, ಆದರೂ ಆಟ ನಡೆಯಲಿ' ಎಂಬ ಸನ್ನೆ ಅದು. ಇದಕ್ಕೆ ಅಡ್ವಾಂಟೇಜ್ ಎನ್ನುತ್ತಾರೆ. ಪೆಟ್ಟು ತಿಂದ ತಂಡಕ್ಕೇ ಆಟ ಮುಂದುವರಿದರೆ ಲಾಭ ಎಂದು ಕಂಡಾಗ ರೆಫರಿ ಸೀಟಿ ಊದುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಆ ಲಾಭ ಕೈಗೂಡದಿದ್ದರೆ ಹಿಂದಿನ ತಪ್ಪಿಗೇ ಸೀಟಿ ಊದಬಹುದು. ನನ್ನಂಥ ಬ್ಯಾಂಕಿನವನಿಗೆ ಇದು ಕ್ಲಿಯರಿಂಗಿಗೆ ಹೋದ ಚೆಕ್ಕಿನ ಹಾಗೆ. ಹಣ ಬಂದರೆ ಸರಿ, ಚೆಕ್ಕು ವಾಪಸಾದರೆ ಖಾತೆ ಮೊದಲಿನಂತೆ. ಆಟಗಾರ ಕಾರ್ಡಿಗೆ ತಕ್ಕಷ್ಟು ಒರಟಾಗಿ ಆಡಿದ್ದರೆ, ಆಟ ನಿಂತ ಮೇಲೆ ಅವನನ್ನು ಕರೆದು ಕಾರ್ಡು ತೋರಿಸುತ್ತಾರೆ.

ಗೋಲಿನ ಹತ್ತಿರ ಮಾತ್ರ ಈ ಲೆಕ್ಕ ಬಲು ಸೂಕ್ಷ್ಮ. ಪೆನಾಲ್ಟಿ ಎಂದರೆ 11 ಮೀಟರ್ ದೂರದಿಂದ ಗೋಲ್‌ಕೀಪರ್ ಒಬ್ಬನ ಎದುರು ಒದೆಯುವ ಅವಕಾಶ. ಅಷ್ಟು ದೊಡ್ಡ ಅವಕಾಶವನ್ನು ಬಿಡಬೇಕಾದರೆ ಗೋಲು ಇನ್ನೇನು ಆಯಿತು ಎನ್ನುವಂತಿರಬೇಕು. ಇಲ್ಲದಿದ್ದರೆ ಸೀಟಿ ಊದುವುದೇ ನ್ಯಾಯ.

ಸೀಟಿ ಊದಿದ ಮೇಲೂ ತಪ್ಪು ಮಾಡಿದವರಿಗೆ ಸಾವರಿಸಿಕೊಳ್ಳಲು ಹೊತ್ತು ಕೊಡಲೇಬೇಕೆಂದಿಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ಪಂದ್ಯವಿತ್ತು. ಹೆಚ್ಚುವರಿ ಸಮಯದಲ್ಲಿ ಗೋಲಿನ ಸಮೀಪ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಅಡ್ಡಗೋಡೆಯಂತೆ ನಿಲ್ಲುವ ಮೊದಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಸೇರಿಸಿದರು. ಕೇರಳ ತಂಡ ಸಿಟ್ಟಿನಿಂದ ಮೈದಾನ ಬಿಟ್ಟು ಹೋಯಿತು. ಆದರೂ ಗೋಲು ಉಳಿಯಿತು, ಬೆಂಗಳೂರು ಗೆದ್ದಿತು. ಕಾಯಿರಿ ಎಂದು ರೆಫರಿ ಹೇಳದಿದ್ದರೆ ತಟ್ಟನೆ ಒದೆಯಲು ನಿಯಮದ ಅಡ್ಡಿಯಿಲ್ಲ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮೊಮ್ಮಗಳು, "ಮುತ್ಯಾ, ನೀ ಯಾವಾಗರೆ ರೆಫರಿ ಆಗಿದ್ದೆ?" ಎಂದು ಕೇಳಿಬಿಟ್ಟಳು.

ಆಗಿದ್ದೆ. 1979ರಲ್ಲಿ. ಆಗ ನಾನು ಬಬಲೇಶ್ವರದಲ್ಲಿ ಗುಮಾಸ್ತ. ನಿಯಮದ ಪುಸ್ತಕ ಓದಿದವನು ಎಂದು ತಿಕೋಟಾದಲ್ಲಿ ನಡೆದ ಎರಡೂ ಊರಿನ ಹುಡುಗರ ಪಂದ್ಯಕ್ಕೆ ನನ್ನನ್ನೇ ರೆಫರಿ ಮಾಡಿದರು. ಜೋಳ ಕಿತ್ತ ಹೊಲವೇ ಮೈದಾನ, ಬಿದಿರಿನ ಗಳಗಳೇ ಗೋಲು ಕಂಬ.

ತಿಕೋಟಾದ ಹುಡುಗನೊಬ್ಬ ಬರಿಗಾಲಲ್ಲಿ ಇಬ್ಬರನ್ನು ದಾಟಿ ಗೋಲಿನ ಬಾಯಿಗೆ ಬಂದ. ಹಿಂದಿನಿಂದ ಒಬ್ಬ ಅಂಗಿ ಹಿಡಿದು ಜಗ್ಗಿದ. ಹುಡುಗ ಮುಗ್ಗರಿಸಿದ, ಆದರೆ ಬೀಳಲಿಲ್ಲ. ನಾನು ಸೀಟಿ ಊದಿದೆ. ಮರುಕ್ಷಣವೇ ಅವನು ಒದ್ದ ಚೆಂಡು ಗೋಲಿನೊಳಗಿತ್ತು. ಸೀಟಿ ಊದಿದರೆ ಆಟ ನಿಂತಂತೆ. ಗೋಲು ಲೆಕ್ಕಕ್ಕಿಲ್ಲ. ಪೆನಾಲ್ಟಿ ಕೊಟ್ಟೆ. ನಡುಗುವ ಕಾಲಿನಿಂದ ಅವನು ಒದ್ದದ್ದು ಗಳದ ಮೇಲೆ ಹಾರಿಹೋಯಿತು. ತಿಕೋಟಾ ಒಂದು ಗೋಲಿನಿಂದ ಸೋತಿತು.

"ಸರ್, ನಾ ಬಿದ್ದಿರಲಿಲ್ಲಲ್ರೀ, ಯಾಕ ಊದಿದ್ರಿ?" ಎಂದ.

"ನಿಯಮ ಅಂದ್ರ ನಿಯಮ" ಎಂದೆ. ಅದು ಸುಳ್ಳು. ಸೀಟಿ ಊದದೆ ಆಟ ಬಿಡುವ ನಿಯಮವೂ ಅದೇ ಪುಸ್ತಕದಲ್ಲಿತ್ತು. ತಪ್ಪು ನನ್ನ ಕಣ್ಣಿಗೆ ಬಿತ್ತು ಎಂದು ನೆರೆದವರಿಗೆಲ್ಲ ತೋರಿಸುವ ಅವಸರ ನನಗಿತ್ತು.

ಮುಂದೆ ತಿಕೋಟಾಕ್ಕೆ ವರ್ಗವಾದಾಗ ಆತ ದ್ರಾಕ್ಷಿ ಪಡಕ್ಕೆ ಸಾಲ ಕೇಳಿ ಬ್ಯಾಂಕಿಗೆ ಬರುತ್ತಿದ್ದ. ಆ ಪಂದ್ಯದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಹಂಗಾದ್ರ ಈಗ ಹೋಗಿ ಹೇಳು" ಎಂದಳು ಮೊಮ್ಮಗಳು. ಮರುದಿನ ರವಿವಾರ ಇಬ್ಬರೂ ಅಥಣಿ ರಸ್ತೆಯ ಬಸ್ಸು ಹತ್ತಿ ತಿಕೋಟಾದಲ್ಲಿ ಇಳಿದೆವು. ಅರವತ್ತರ ಆಸುಪಾಸಿನ ಆತ ಒಣದ್ರಾಕ್ಷಿ ಶೆಡ್ಡಿನ ಮುಂದೆ ಕುಳಿತಿದ್ದ. ಚಹಾ ತರಿಸಿದ. ಹೇಗೆ ಶುರು ಮಾಡಲಿ ಎಂದು ನಾನು ತಡವರಿಸುತ್ತಿದ್ದಾಗ ಮೊಮ್ಮಗಳೇ ಫುಟ್‌ಬಾಲ್ ಎಂದುಬಿಟ್ಟಳು.

ಆತ ನನ್ನನ್ನೇ ನೋಡಿದ. "ಸರ್, ಆವತ್ತು ಅದು ಗೋಲ್ ಆಗಿತ್ತಲ್ರೀ?"

"ಆಗಿತ್ತಪಾ. ನಾನಽ ಅವಸರ ಮಾಡಿದೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆತ ಎದ್ದು ಒಳಗೆ ಹೋಗಿ ಒಣದ್ರಾಕ್ಷಿ ತಂದು ಮೊಮ್ಮಗಳ ಬೊಗಸೆ ತುಂಬಿದ.

"ತಿನ್ನವ್ವಾ. ಗೋಲ್ ಹೊಡದಾಕಿಗೂ ಒಂದೀಟು ಒಯ್ಯಿ" ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಅರ್ಧ ಒಣದ್ರಾಕ್ಷಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಗೆಳತಿಗೆಂದು ತೆಗೆದಿಟ್ಟಳು.