ತಿಕ್ಕುವ ಕೈ

ನಮ್ಮ ಮನೆಯಲ್ಲಿ ನನಗೆ 'ಸ್ವಚ್ಛತಾ ಇನ್ಸ್‌ಪೆಕ್ಟರ್' ಎಂಬ ಅಡ್ಡಹೆಸರಿದೆ. ಶಾಲೆಯಲ್ಲೂ ಏನೋ ಒಂದು ಹೆಸರಿರಬೇಕು, ಮಕ್ಕಳು ನನ್ನ ಕಿವಿಗೆ ಬೀಳದಂತೆ ಕಾಪಾಡಿಕೊಂಡಿದ್ದಾರೆ. ಕೊಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ಅತ್ತೆಯವರು ಊರಿಗೆ ಹೋಗಿದ್ದಾಗ, ಅವರ ಹಿತ್ತಾಳೆ ಸಾರಿನ ಪಾತ್ರೆಯನ್ನು ಒಳಗೂ ಹೊರಗೂ ಇಟ್ಟಿಗೆ ಪುಡಿ ಹಾಕಿ ಫಳಫಳ ಎನ್ನುವಂತೆ ಬೆಳಗಿಟ್ಟಿದ್ದೆ. ಹೊಗಳಿಕೆಗೆ ಕಾದು ನಿಂತಿದ್ದೆ. ಅತ್ತೆ ಪಾತ್ರೆಯೊಳಗೆ ಇಣುಕಿ, "ಕೊಳೆ ತೆಗಿ ಅಂದ್ರೆ ಕಲಾಯೀನೂ ತೆಗೆದುಬಿಟ್ಟೆಯಲ್ಲೇ ತಾಯಿ" ಎಂದರು. ಕಲಾಯಿಯವನು ಬರುವವರೆಗೆ ಎರಡು ತಿಂಗಳು ಆ ಪಾತ್ರೆ ಅಟ್ಟ ಸೇರಿತು. ಹುಳಿ ಹಾಕಿದರೆ ಕಿಲುಬೇಳುತ್ತದಲ್ಲ! ಅವರ ಮಾತು ಆಗ ನನಗೆ ಬರೀ ಕೊಂಕಾಗಿ ಕೇಳಿಸಿತ್ತು. ಅದರ ಅರ್ಥ ತಿಳಿಯಲು ಇಪ್ಪತ್ತು ವರ್ಷ ಮತ್ತು ಒಂದು ಕಲ್ಲು ಬೇಕಾಯಿತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮೇಷ್ಟರುಗಳಿಗೆ ಇದೇ ಭೂಗೋಳ. ವರ್ಗಾವಣೆ ಎಂಬ ಗಾಳಿ ನಮ್ಮನ್ನು ಈ ನಾಲ್ಕರೊಳಗೇ ಎತ್ತಿ ಹಾಕುತ್ತಿರುತ್ತದೆ. ಎಲ್ಲಿ ಹೋದರೂ ಎರಡಕ್ಕೆ ಬರವಿಲ್ಲ, ಹುಣಸೆಮರ ಮತ್ತು ಕಲ್ಲು. ಮಧುಗಿರಿಯಲ್ಲಂತೂ ಊರಿನ ನೆತ್ತಿಯ ಮೇಲೇ ಏಕಶಿಲೆಯ ಬೆಟ್ಟ ಕೂತಿದೆ. ಆ ಜಾತಿಯ ಬೂದುಗಲ್ಲಿನಲ್ಲೇ ನಮ್ಮ ದೇವರು, ನಮ್ಮ ಕೋಟೆ, ನಮ್ಮ ಒರಳು.

ಹಾಗೆ ನಾನಿದ್ದ ಒಂದು ಹಳ್ಳಿಯಲ್ಲಿ ಒಂದು ಹಳೆಯ ಗುಡಿಯಿತ್ತು. ಊರಿನ ಹೆಸರು ಬೇಡ. ತಪ್ಪಿನಲ್ಲಿ ನನ್ನ ಪಾಲೂ ಇದೆ. ಗುಡಿಯ ಬಾಗಿಲ ಪಕ್ಕದ ಕಲ್ಲಿನ ಮೇಲೆ ಹಳೆಗಾಲದ ಕನ್ನಡ ಬರಹವಿತ್ತು. ಸುಣ್ಣದ ಪದರ, ದೀಪದ ಎಣ್ಣೆ, ಮಸಿ ಎಲ್ಲ ಸೇರಿ ಅಕ್ಷರಗಳು ಅರ್ಧ ಮುಚ್ಚಿಹೋಗಿದ್ದವು. ಒಂದು ಶನಿವಾರ ಏಳನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ, ಸೀಮೆಸುಣ್ಣದ ಪುಡಿ ಸವರಿ ಓದಿಸಿದೆ. ಹಾಗೆ ಸವರುವುದೂ ಸರಿಯಲ್ಲವೆಂದು ಈಗ ಗೊತ್ತು, ಆಗ ಗೊತ್ತಿರಲಿಲ್ಲ. 'ಸ್ವಸ್ತಿಶ್ರೀ' ಎಂಬುದು ಎಲ್ಲರಿಗೂ ಕಂಡಿತು. 'ಕೆಱೆ' ಎಂಬಲ್ಲಿ ಶಕಟರೇಫ ಇದೆಯೆಂದು ತೋರಿಸಿದೆ. ಹಿಂದಿನ ಸಾಲಿನ ಹುಡುಗನೊಬ್ಬ, ಪರೀಕ್ಷೆಯಲ್ಲಿ ಎಂದೂ ನಲವತ್ತು ದಾಟದವನು, "ಮಿಸ್, ಖಂಡುಗ! ನಮ್ಮಜ್ಜಿ ರಾಗಿ ಅಳೆಯೋವಾಗ ಅಂತಾಳೆ" ಎಂದು ಕೂಗಿದ. ಯಾರೋ ಕೆರೆಯ ಕೆಲಸಕ್ಕೆಂದು ಗದ್ದೆ ಬಿಟ್ಟಿದ್ದರು ಎಂಬಷ್ಟು ನಮಗೆ ತಿಳಿಯಿತು. ಮಿಕ್ಕ ಸಾಲುಗಳು ಸುಣ್ಣದ ಕೆಳಗೆ ಉಳಿದವು. ಇನ್ನೊಂದು ಶನಿವಾರ ಓದೋಣ ಎಂದಿದ್ದೆ. ಆ ಶನಿವಾರ ಬರಲಿಲ್ಲ. ಸೆನ್ಸಸ್ ಬಂತು, ಎಲೆಕ್ಷನ್ ಬಂತು.

ಕೆಲವು ವರ್ಷಗಳ ಮೇಲೆ ಊರವರು ಜೀರ್ಣೋದ್ಧಾರ ಸಮಿತಿ ಮಾಡಿದರು. "ಮೇಡಮ್ಮೋರೆ, ತಾವೂ ನಾಲ್ಕು ಮಾತಾಡಬೇಕು" ಎಂದರು. ನಾನು ಮಾತಾಡಿದೆ. ದೇವರ ಮನೆ ಇಷ್ಟು ಕೊಳೆಯಾಗಿರುವುದು ನಮಗೆ ಶೋಭೆಯೇ ಎಂದು ಕೇಳಿದೆ. ಐದು ಸಾವಿರ ರೂಪಾಯಿ ಚಂದಾ ಕೊಟ್ಟೆ. ಕಂಟ್ರಾಕ್ಟರು ಕಂಪ್ರೆಸರ್ ತಂದ. ಟವೆಲಿನಿಂದ ಮೂಗು ಬಾಯಿ ಕಟ್ಟಿಕೊಂಡ ಇಬ್ಬರು ಹುಡುಗರು ಪೈಪು ಹಿಡಿದು ಮರಳು ಬೀಸಿದರು. ಮೂರು ದಿನ ಊರಿಗೆಲ್ಲ ದೂಳು. ನಾಲ್ಕನೆಯ ದಿನ ಗುಡಿ ನಿನ್ನೆ ಕಟ್ಟಿದಂತೆ ಬೆಳ್ಳಗೆ ನಿಂತಿತ್ತು. ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನೇ.

ಪ್ರದಕ್ಷಿಣೆ ಮುಗಿಸಿ ಬಾಗಿಲ ಬಳಿ ಬಂದಾಗ ಕಲ್ಲು ನೋಡಿದೆ. ಹೊಸದಾಗಿ ಮುಳ್ಳು ಹಾಕಿದ ಒರಳಿನಂತೆ ತರಿತರಿಯಾಗಿತ್ತು. ಅಕ್ಷರಗಳ ಜಾಗದಲ್ಲಿ ಗೀರುಗಳ ನೆರಳು ಮಾತ್ರ ಇತ್ತು. ಕೈಯಾಡಿಸಿದೆ. ಅತ್ತೆಯವರ ಪಾತ್ರೆ ನೆನಪಾಯಿತು.

ಆಮೇಲೆ ಓದಿಕೊಂಡ ವಿಷಯಗಳಿವು. ಮರಳನ್ನು ಗಾಳಿಯ ರಭಸದಿಂದ ಬೀಸುವ ವಿದ್ಯೆಗೆ 1870ರಲ್ಲೇ ಅಮೆರಿಕದ ಬೆಂಜಮಿನ್ ಟಿಲ್ಗಮನ್ ಎಂಬಾತ ಪೇಟೆಂಟ್ ಪಡೆದ. ಗಾಜು, ಕಲ್ಲು, ಲೋಹಗಳನ್ನು ಕೊರೆಯಲು, ಕೆತ್ತಲು ಬಂದ ವಿದ್ಯೆ ಅದು. ನಾವು ಅದನ್ನು ತೊಳೆಯಲು ಬಳಸಿದೆವು. ಗಡಸುತನದ ಮಾಪಕದಲ್ಲಿ ಮರಳಿನ ಕಣಕ್ಕೆ 7 ಅಂಕ, ನಮ್ಮ ಬೂದುಗಲ್ಲಿನ ಮುಖ್ಯ ಖನಿಜಗಳಿಗೆ 6, 7. ಸಮಬಲದವರ ಕುಸ್ತಿಯಲ್ಲಿ ಅಕ್ಷರ ಉಳಿದೀತೇ? ಮರಳಿನ ದೂಳು ಕೆಲಸಗಾರರ ಶ್ವಾಸಕೋಶಕ್ಕಿಳಿದು ಸಿಲಿಕೋಸಿಸ್ ತರುತ್ತದೆಂದು ಬ್ರಿಟನ್ ಎರಕದ ಸಾಮಾನುಗಳಿಗೆ ಮರಳು ಬೀಸುವುದನ್ನು 1949ರ ನಿಯಮದಿಂದಲೇ ನಿಲ್ಲಿಸಿತು. ತಮಿಳುನಾಡಿನಲ್ಲಿ ಗುಡಿಗಳ ಕಲ್ಲಿಗೆ ಮರಳು ಬೀಸಬಾರದೆಂದು ಸರ್ಕಾರವೇ ಆಜ್ಞೆ ಮಾಡಬೇಕಾಯಿತು. ಆ ಟವೆಲ್ ಕಟ್ಟಿಕೊಂಡ ಇಬ್ಬರು ಹುಡುಗರು ಈಗ ಹೇಗಿದ್ದಾರೋ. ಅವರ ಹೆಸರನ್ನೂ ನಾನು ಕೇಳಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಬ್ಬ ಯುವಕ ಮನೆ ಹುಡುಕಿಕೊಂಡು ಬಂದ. ಅದೇ ಖಂಡುಗದ ಹುಡುಗ! ಮದುವೆ ಕಾಗದ ತಂದಿದ್ದ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸವಂತೆ. "ಏನು ಕೆಲಸವೋ?" ಎಂದೆ. "ನಿಮ್ಮ ಕೆಲಸವೇ ಮಿಸ್, ಕ್ಲೀನಿಂಗು" ಎಂದು ನಕ್ಕ. ರಬ್ಬರಿನ ಸಾಮಾನು ತಯಾರಿಸುವ ಅಚ್ಚುಗಳಿಗೆ ಕರಕು ಹಿಡಿಯುತ್ತದೆ. ಉಜ್ಜಿದರೆ ಅಚ್ಚಿನ ಗೆರೆ ಸವೆದುಹೋಗುತ್ತದೆ. ಅದಕ್ಕೇ ಡ್ರೈ ಐಸ್ ಬೀಸುತ್ತಾರಂತೆ.

ನಾನು ಕಾಫಿ ಕೊಟ್ಟು ವಿದ್ಯಾರ್ಥಿಯಾಗಿ ಕೂತೆ. ಡ್ರೈ ಐಸ್ ಎಂದರೆ ನಾವು ಉಸಿರು ಬಿಡುವ ಇಂಗಾಲದ ಡೈಆಕ್ಸೈಡೇ, ಗಟ್ಟಿಯಾದದ್ದು. ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಚಳಿ ಅದರದು, ಬರಿಗೈಯಲ್ಲಿ ಮುಟ್ಟಿದರೆ ಸುಟ್ಟಂತೆ ಬೊಬ್ಬೆ ಬರುತ್ತದೆ. ಕರಗಿ ನೀರಾಗುವುದಿಲ್ಲ, ಕರ್ಪೂರದಂತೆ ನೇರವಾಗಿ ಆವಿಯಾಗುತ್ತದೆ. ಅಕ್ಕಿಕಾಳಿನಂಥ ಅದರ ತುಣುಕುಗಳನ್ನು ಒತ್ತಿದ ಗಾಳಿಯ ಜೊತೆ ಬೀಸುತ್ತಾರೆ. ತುಣುಕು ಬಡಿದ ಏಟು ಒಂದು. ಚಳಿಗೆ ಕೊಳೆ ಸೆಟೆದು ಬಿರಿಯುವುದು ಎರಡು. ತುಣುಕು ಥಟ್ಟನೆ ಆವಿಯಾಗಿ, ಸುಮಾರು 800 ಪಟ್ಟು ಹಿಗ್ಗಿ, ಕೊಳೆಯನ್ನು ಮೇಲಕ್ಕೆ ಎಬ್ಬಿಸುವುದು ಮೂರು. ಗಡಸುತನ ನಮ್ಮ ಉಗುರಿಗಿಂತ ಕಡಿಮೆ, ಹಾಗಾಗಿ ಗಟ್ಟಿ ಉಕ್ಕಿಗೆ ಗೀರು ಬೀಳುವುದಿಲ್ಲ. ಮರಳೂ ಉಳಿಯುವುದಿಲ್ಲ, ನೀರೂ ಉಳಿಯುವುದಿಲ್ಲ. ಬಿದ್ದ ಕೊಳೆಯನ್ನು ಗುಡಿಸಿದರೆ ಮುಗಿಯಿತು. ಬೆಂಕಿಗೆ ಸಿಕ್ಕ ಹಳೆಯ ಕಟ್ಟಡಗಳ ಮಸಿ ತೆಗೆಯಲೂ, ಮರದ ತೊಲೆಗಳ ಬೂಷ್ಟು ತೆಗೆಯಲೂ ಹೊರದೇಶಗಳಲ್ಲಿ ಇದನ್ನು ಬಳಸುತ್ತಾರೆ.

ನನಗೆ ತಡೆಯಲಾಗಲಿಲ್ಲ. "ಹಾಗಾದರೆ ನಮ್ಮ ಕಲ್ಲಿಗೂ ಇದನ್ನೇ ಬೀಸಿದ್ದರೆ ಅಕ್ಷರ ಉಳೀತಿತ್ತೇನೋ?"

ಅವನು ತಕ್ಷಣ ಹೌದೆನ್ನಲಿಲ್ಲ. ಅದು ನನಗೆ ಹಿಡಿಸಿತು. "ಹೇಳೋಕಾಗಲ್ಲ ಮಿಸ್. ಎಣ್ಣೆಜಿಡ್ಡು, ಮಸಿ ಹೋಗ್ತಿತ್ತು. ಸುಣ್ಣ ಕಲ್ಲಿಗೆ ಕಚ್ಚಿಕೊಂಡಿರುತ್ತೆ, ಅದು ಇದಕ್ಕೆ ಅಷ್ಟು ಸುಲಭವಾಗಿ ಬಗ್ಗಲ್ಲ. ಕಲ್ಲು ಹಳೇದಾಗಿ ಚಕ್ಕೆ ಎದ್ದಿದ್ರೆ ಕೊಳೆ ಜೊತೆ ಚಕ್ಕೇನೂ ಹೋಗ್ತಿತ್ತು. ಗಾಳಿ ಒತ್ತಡ ಕಡಿಮೆ ಇಟ್ಟು, ಮೂಲೇಲಿ ಅಂಗೈಯಗಲ ನೋಡಿ, ಆಮೇಲೆ ಮುಂದಕ್ಕೆ ಹೋಗಬೇಕು. ಗರ್ಭಗುಡಿ ಒಳಗಂತೂ ಬೇಡ. ಒಂದೇ ಬಾಗಿಲು, ಈ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತೆ. ಗಾಳಿ ಆಡೋ ಏರ್ಪಾಡಿಲ್ಲದೆ ಹೋದರೆ ಮನುಷ್ಯ ಉಸಿರುಕಟ್ಟಿ ಬೀಳ್ತಾನೆ." ಸ್ವಲ್ಪ ತಡೆದು, "ಮಿಸ್, ಆ ಕಲ್ಲಿಗೆ ಬರೀ ನೀರು, ಮೆತ್ತನೆ ಬ್ರಷ್ಷು ಸಾಕಿತ್ತೇನೋ. ಯಾರೂ ಮೊದಲು ಅದನ್ನ ನೋಡಲಿಲ್ಲ" ಎಂದ.

ನಲವತ್ತು ದಾಟದವನೆಂದು ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೆ.

ಆ ಮುಂಚೆಯೇ ಒಮ್ಮೆ ತುಮಕೂರಿಗೆ ಹೋದಾಗ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟ ತೆಗೆಸಿ ನೋಡಿದ್ದೆ. 1904ರಲ್ಲಿ ಅಚ್ಚಾದ ಅದು ತುಮಕೂರು ಜಿಲ್ಲೆಯ ಶಾಸನಗಳದ್ದು. ನಮ್ಮ ಕಲ್ಲು ಅದರಲ್ಲಿ ನನಗೆ ಸಿಗಲಿಲ್ಲ. ಶಿರಾದ ಮಲಿಕ್ ರಿಹಾನನ ಗೋರಿಯಂಥವನ್ನು ಇತಿಹಾಸದ ಪುಸ್ತಕಗಳು ನೆನಪಿಟ್ಟುಕೊಂಡಿವೆ. ಊರೂರಿನ ಇಂಥ ಸಣ್ಣ ಗುಡಿಗಳಿಗೆ ನಮ್ಮ ಭಕ್ತಿಯೇ ಕಾವಲು, ನಮ್ಮ ಭಕ್ತಿಯೇ ಅಪಾಯ.

ಆ ಸಂಜೆ ನಾವಿಬ್ಬರೂ ಒಂದು ಹಾಳೆ ಇಟ್ಟುಕೊಂಡು, ಓದಿದ್ದು ನೆನಪಿರುವಷ್ಟನ್ನು ಬರೆದೆವು. ನನಗೆ ಏಳು ಪದ ಬಂದವು. ಅವನಿಗೆ ಇನ್ನೆರಡು: 'ತೂಬು' ಮತ್ತು 'ಬಿಟ್ಟರು'. ಒಂದು ಊರಿನ ಕೆರೆಯ ಪುರಾಣವೆಲ್ಲ ಒಂಬತ್ತು ಪದಕ್ಕೆ ಇಳಿದಿತ್ತು. ಹಾಳೆಗೆ ತಾರೀಖು ಹಾಕಿ, ಇಬ್ಬರೂ ಸಹಿ ಮಾಡಿ, ಆ ಶಾಲೆಗೇ ಕಳುಹಿಸಿಕೊಟ್ಟೆ.

ಈಚೆಗೆ ನಾನೀಗಿರುವ ಊರಿನಲ್ಲೂ ಗುಡಿ ತೊಳೆಸುವ ಮಾತು ಎದ್ದಿತು. ಮರಳು ಬೇಡವೆಂದೆ. ಕಾರಣವನ್ನೂ ಹೇಳಿದೆ, ಆ ಚಪ್ಪಾಳೆಯ ಸಮೇತ. ಸಭೆಯಲ್ಲಿ ತಪ್ಪೊಪ್ಪಿಕೊಳ್ಳುವುದು ಭಾಷಣದಷ್ಟು ಸುಲಭವಲ್ಲ, ನಾಲಿಗೆ ಒಣಗಿತು. ಅಧ್ಯಕ್ಷರಾದ ಹಿರಿಯರು, "ಆ ಐಸಿನ ಮಿಷನ್ನಾದರೂ ತರಿಸೋಣವೇನಮ್ಮಾ?" ಎಂದರು. "ಅದಕ್ಕೆ ಮುಂಚೆ ಕಲ್ಲು ಬಲ್ಲವರೊಬ್ಬರು ಬಂದು ನೋಡಲಿ. ಅಲ್ಲಿಯವರೆಗೆ ಒಂದು ಬಿಂದಿಗೆ ನೀರು, ಒಂದು ಮೆತ್ತನೆ ಬ್ರಷ್ಷು, ಹಿಂದಿನ ಗೋಡೆಯಲ್ಲಿ ಅಂಗೈಯಗಲ ಜಾಗ, ಅಷ್ಟು ಸಾಕು" ಎಂದೆ.

ಅವರು ಒಪ್ಪಿದರು. ಮಕ್ಕಳು ನೀರು ತಂದರು. ಬ್ರಷ್ಷು ನನ್ನ ಕೈಗೆ ಬಂತು. ಅಂಗೈಯಗಲ ಮುಗಿಯಿತು, ಕಲ್ಲಿನ ಬಣ್ಣ ತಿಳಿಯಾಗಿ ಕಂಡಿತು. ಪಕ್ಕದಲ್ಲೇ ಇನ್ನೊಂದಿಷ್ಟು ಮಸಿಯಿತ್ತು. ಕೈ ತುರಿಸಿತು.

ಬ್ರಷ್ಷನ್ನು ಬಿಂದಿಗೆಯೊಳಗೆ ಹಾಕಿ, ಕೈ ಕಟ್ಟಿಕೊಂಡು ನಿಂತೆ.